ಹೂವಿನ ತಪಸ್ವಿ ಲೂಥರ್ ಬರ್ಬ್ಯಾಂಕ್

ಒಮ್ಮೆ ನೆಟ್ಟರೆ ವರುಷ ವರುಷವೂ ತಾನಾಗಿ ಚಿಗುರಿ ಹೂ ಬಿಡುವ ಗಿಡಗಳನ್ನು ಬಹುವಾರ್ಷಿಕಗಳೆನ್ನುತ್ತೇವೆ. ಮನೆಯಂಗಳಕ್ಕೆ ಇವುಗಳಷ್ಟು ನೆಚ್ಚಿನ ನಂಟರು ಬೇರಿಲ್ಲ. ಶಾಸ್ಟಾ ಡೇಸಿ ಇಂಥದೊಂದು ಹೂ. ನಮ್ಮ ಸೇವಂತಿಗೆಯ ಕುಟುಂಬಕ್ಕೇ ಸೇರಿದುದು. ಅಚ್ಚಬಿಳಿಯ ದಳಗಳು, ನಡುವೆ ಹೊನ್ನಿನ ಬಟ್ಟಲು. ಇದು ಕಾಡಿನಲ್ಲಿ ದೊರೆತ ಹೂವಲ್ಲ. ಒಬ್ಬ ಮನುಷ್ಯನ 17 ವರುಷಗಳ ತಾಳ್ಮೆಯ ಫಲ. ಆತನ ಜೀವನವನ್ನು ನಮ್ಮ ವಿದ್ಯಾರ್ಥಿಗಳು ಅರಿಯಲೆಂದು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಲೂಥರ್ ಬರ್ಬ್ಯಾಂಕರು 1849ರ ಮಾರ್ಚ್ 7ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಲ್ಯಾಂಕಾಸ್ಟರಿನಲ್ಲಿ ಜನಿಸಿದರು. ತಂದೆಯ 15 ಮಕ್ಕಳಲ್ಲಿ ಇವರು 13ನೆಯವರು. ಪ್ರೌಢಶಾಲೆಯ ಓದಿಗೇ ವಿದ್ಯಾಭ್ಯಾಸ ಮುಗಿಯಿತು. ಆದರೆ ಮನುಷ್ಯನ ಆರೈಕೆಯಲ್ಲಿ ಸಸ್ಯಗಳೂ ಪ್ರಾಣಿಗಳೂ ಮಾರ್ಪಡುವ ಬಗೆಯನ್ನು ಕುರಿತ ಡಾರ್ವಿನ್ನರ ಗ್ರಂಥ ಕೈಸೇರಿತು. ಅದೇ ಅವರ ವಿಶ್ವವಿದ್ಯಾಲಯವಾಯಿತು. ಆಲೂಗಡ್ಡೆಯ ಒಂದೇ ಕಾಯಿಯಲ್ಲಿ ಸಿಕ್ಕ 23 ಬೀಜಗಳನ್ನು ಬಿತ್ತಿ, ಉತ್ತಮವಾದ ಹೊಸ ತಳಿಯೊಂದನ್ನು ಆರಿಸಿದರು. ಅದರ ಹಕ್ಕನ್ನು 150 ಡಾಲರುಗಳಿಗೆ ಮಾರಿ, 1875ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ರೋಸಾ ಊರಿಗೆ ಬಂದು ನೆಲೆಸಿದರು.

ರೈತರು ಕಳೆಯೆಂದು ಕಿತ್ತೆಸೆಯುತ್ತಿದ್ದ ಕಾಡು ಡೇಸಿಯ ಮೇಲೆ ಬರ್ಬ್ಯಾಂಕರಿಗೆ ಬಾಲ್ಯದ ಒಲವು. ಅದನ್ನು ಮನೆಯ ತೋಟಕ್ಕೆ ತಕ್ಕ ಹೂವಾಗಿಸಲು 1884ರಲ್ಲಿ ಕೈಹಚ್ಚಿದರು. ಅದಕ್ಕೆ ಇಂಗ್ಲೆಂಡಿನ ಡೇಸಿಯ ಪರಾಗವನ್ನು ಕೂಡಿಸಿದರು. ಬಳಿಕ ಪೋರ್ಚುಗಲ್ಲಿನದನ್ನು ಬೆರೆಸಿದರು. ಹೂ ದೊಡ್ಡದಾಯಿತು, ಬಿಳುಪು ಮಾತ್ರ ಮನಸ್ಸಿಗೆ ಬರಲಿಲ್ಲ. ಕೊನೆಗೆ ಅಚ್ಚಬಿಳಿಯ ಜಪಾನೀ ಡೇಸಿಯನ್ನು ತರಿಸಿ ಸಂಕರ ಮಾಡಿದರು. ಪ್ರತಿಸಲವೂ ಸಾವಿರಾರು ಸಸಿಗಳಲ್ಲಿ ಕೆಲವನ್ನೇ ಉಳಿಸಿ, ಮಿಕ್ಕವನ್ನು ತೆಗೆಸಿಬಿಡುತ್ತಿದ್ದರು. 1901ರಲ್ಲಿ ಹೊಸ ಹೂ ಲೋಕಕ್ಕೆ ಬಂದಿತು. ಹಿಮ ಹೊದ್ದ ಶಾಸ್ಟಾ ಪರ್ವತದ ಹೆಸರೇ ಅದಕ್ಕಾಯಿತು. ಇಂತಹ ಸಂಕರದ ಗಿಡವನ್ನು ಬೀಜದಿಂದ ಬೆಳೆಸಿದರೆ ತಾಯಿಯ ಗುಣ ತಪ್ಪುವುದುಂಟು. ಬುಡದ ಹಿಳ್ಳುಗಳನ್ನು ಬೇರುಸಹಿತ ಬಿಡಿಸಿ ನೆಟ್ಟರೆ ಅದೇ ಹೂ ದೊರೆಯುತ್ತದೆ.

ಬರ್ಬ್ಯಾಂಕರು ಒಟ್ಟು 800ಕ್ಕೂ ಮಿಕ್ಕ ಹಣ್ಣು, ಹೂ, ತರಕಾರಿಗಳ ತಳಿಗಳನ್ನು ನೀಡಿದರು. ಆದರೂ ಅವರಲ್ಲೊಂದು ಕೊರತೆಯಿತ್ತು. ಕಣ್ಣಿನ ನೆನಪನ್ನೇ ನಂಬಿ, ವಿಜ್ಞಾನಿಗಳು ಬಯಸುವಂತೆ ವಿವರಗಳನ್ನು ಬರೆದಿಡುತ್ತಿರಲಿಲ್ಲ. ಕಾರ್ನೆಗಿ ಸಂಸ್ಥೆಯು 1905ರಲ್ಲಿ ವರುಷಕ್ಕೆ 10,000 ಡಾಲರುಗಳಂತೆ ಧನಸಹಾಯವನ್ನು ಆರಂಭಿಸಿತು. ಈ ಕೊರತೆಯಿಂದಾಗಿ ಕೆಲವೇ ವರುಷಗಳಲ್ಲಿ ಅದನ್ನು ನಿಲ್ಲಿಸಿತು. ಅವರು ಕಂಡುಕೊಂಡ ಎಷ್ಟೋ ಸಂಗತಿಗಳು ಅವರೊಡನೆಯೇ ಮರೆಯಾದವು.

1926ರ ಏಪ್ರಿಲ್ 11ರಂದು ಬರ್ಬ್ಯಾಂಕರು ತೀರಿಕೊಂಡರು. ತಮ್ಮ ತೋಟದ ದೇವದಾರು ಜಾತಿಯ ಮರವೊಂದರ ಕೆಳಗೆ ಅವರ ಸಮಾಧಿಯಾಯಿತು. ಹೊಸ ಸಸ್ಯತಳಿಗಳಿಗೆ ಹಕ್ಕುಪತ್ರ ನೀಡುವ ಕಾನೂನು ಅಮೆರಿಕದಲ್ಲಿ ಬಂದುದು 1930ರಲ್ಲಿ. ಅದರ ಫಲವನ್ನು ಅವರು ಬದುಕಿರುವಾಗ ಉಣ್ಣಲಿಲ್ಲ. ಪರಮಹಂಸ ಯೋಗಾನಂದರು 1946ರಲ್ಲಿ ಪ್ರಕಟಿಸಿದ ತಮ್ಮ ಆತ್ಮಕಥೆಯನ್ನು ಈ ಮಿತ್ರರ ನೆನಪಿಗೆ ಅರ್ಪಿಸಿದರು.

ಈ ಜೀವನದಿಂದ ನಾವು ಕಲಿಯಬೇಕಾದುದು ಎರಡು. ಎಲ್ಲರೂ ತುಳಿದು ಹೋಗುವ ಕಳೆಯಲ್ಲಿಯೂ ಚೆಲುವನ್ನು ಕಾಣುವ ಕಣ್ಣು ನಮಗಿರಬೇಕು; ಕಂಡುದನ್ನು ಅಂದಂದೇ ಬರೆದಿಡುವ ಶಿಸ್ತೂ ಇರಬೇಕು. ನಗರದ ಕಿರುಮನೆಯ ಗ್ಯಾಲರಿಯಲ್ಲಿ ನಾಲ್ಕು ಕುಂಡಗಳಿದ್ದರೂ ಸಾಕು, ಮಕ್ಕಳೆ. ಬೇರೆ ಬಗೆಯ ಹೂವೊಂದು ಕಂಡರೆ ಗಿಡಕ್ಕೆ ನೂಲು ಕಟ್ಟಿ ಗುರುತು ಮಾಡಿರಿ, ದಿನಾಂಕವನ್ನು ಬರೆದಿಡಿರಿ.