ಹ್ಯಾಲಿಫ್ಯಾಕ್ಸ್‌ನ ಅವಶೇಷಗಳಿಂದ ಹುಟ್ಟಿದ ಶಾಸ್ತ್ರ

ವಿಪತ್ತಿನ ಸಮಾಜಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಕೆನಡಾದ ಸ್ಯಾಮ್ಯುಯೆಲ್ ಹೆನ್ರಿ ಪ್ರಿನ್ಸ್ (1886-1963). ವೃತ್ತಿಯಿಂದ ಅವರು ಪಾದ್ರಿ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಮೃತದೇಹಗಳ ಶೋಧಕ್ಕೆ ತೆರಳಿದ ಹಡಗೊಂದರಲ್ಲಿ ಅವರೂ ಇದ್ದರು.

1917ರ ಡಿಸೆಂಬರ್ 6ರಂದು ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ‘ಮಾಂಟ್ ಬ್ಲಾಂಕ್’ ಹಡಗು ‘ಇಮೊ’ ಹಡಗಿಗೆ ಡಿಕ್ಕಿಯಾಗಿ ಸ್ಫೋಟಿಸಿತು. ಸುಮಾರು 2 ಸಾವಿರ ಜನ ಅಸುನೀಗಿದರು. 9 ಸಾವಿರದಷ್ಟು ಮಂದಿ ಗಾಯಗೊಂಡರು. ತಾವು ಸೇವೆ ಸಲ್ಲಿಸುತ್ತಿದ್ದ ನಗರವೇ ಕಣ್ಣೆದುರು ನುಚ್ಚುನೂರಾದಾಗ ಪ್ರಿನ್ಸ್ ಅವರನ್ನು ಕಾಡಿದ್ದು ಒಂದೇ ಪ್ರಶ್ನೆ: ಇಂಥ ಆಘಾತದ ಬಳಿಕ ಸಮಾಜ ಮತ್ತೆ ಹೇಗೆ ಕಟ್ಟಿಕೊಳ್ಳುತ್ತದೆ?

ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಅವರು ಉತ್ತರ ಹುಡುಕಿದರು. 1920ರಲ್ಲಿ ಅದು ಗ್ರಂಥವಾಗಿ ಪ್ರಕಟವಾಯಿತು. ವಿಪತ್ತು ರೂಢಿಗಳ ಕಟ್ಟನ್ನು ಸಡಿಲಿಸಿ ಬದಲಾವಣೆಗೆ ದಾರಿ ತೆರೆಯುತ್ತದೆ. ಆದರೆ ಬದಲಾವಣೆಯೆಲ್ಲ ಪ್ರಗತಿಯಲ್ಲ ಎಂಬುದು ಅವರ ಎಚ್ಚರಿಕೆಯ ನಿಲುವಾಗಿತ್ತು.

ಮುಂದೆ ಹ್ಯಾಲಿಫ್ಯಾಕ್ಸ್‌ನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದ ಅವರು ಬಡವರ ವಸತಿ ಹಾಗೂ ಮಾನಸಿಕ ಆರೋಗ್ಯಕ್ಕಾಗಿ ದುಡಿದರು. 1941ರಲ್ಲಿ ಸಮಾಜಕಾರ್ಯ ಶಾಲೆಯ ಸ್ಥಾಪನೆಗೆ ನೆರವಾದರು. ಪರಿಹಾರದ ಕಾಳು ಹಂಚಿ ಮುಗಿದ ಮೇಲೆಯೂ ಸಂತ್ರಸ್ತರ ಬದುಕನ್ನು ಗಮನಿಸಬೇಕೆಂಬ ಅರಿವು ಪ್ರಿನ್ಸ್ ಬಿಟ್ಟುಹೋದ ಆಸ್ತಿ.