ಬೆಳಕಿಗೆ ಬಾಗಲು ಕಲಿಸಿದ ಜಾನ್ ಟಿಂಡಾಲ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನನ್ನ ಉದ್ಯೋಗವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನವಿ ಮುಂಬಯಿಯ ಡೇಟಾ ಸೆಂಟರುಗಳಲ್ಲಿ ಗಾಜಿನ ಎಳೆಗಳ ಕೇಬಲ್ ಹಾಸುವುದು ನನ್ನ ಕಾಯಕ. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟು, ದೂರದ ಮಕ್ಕಳ ಛಾಯಾಚಿತ್ರ ಇವೆಲ್ಲವೂ ಅಲ್ಲಿ ಬೆಳಕಿನ ರೂಪ ತಾಳಿ ಕೂದಲೆಳೆಯಷ್ಟು ಸಣ್ಣ ಗಾಜಿನೊಳಗೆ ಹರಿಯುತ್ತವೆ. ಹೆಬ್ಬೆರಳಿನಷ್ಟು ಅಗಲದ ಒಂದು ಪ್ಲಗ್ಗಿನಲ್ಲಿ 12 ಅಥವಾ 24 ಎಳೆಗಳು ಸಾಲಾಗಿ ಕೂಡಿರುತ್ತವೆ. ಒಂದೇ ಕೇಬಲ್ಲಿನಲ್ಲಿ 6912 ಎಳೆಗಳನ್ನು ಅಡಕಗೊಳಿಸುವಷ್ಟು ಈ ವಿದ್ಯೆ ಬೆಳೆದಿದೆ. ಆದರೆ ನನ್ನ ವೃತ್ತಿಗಿಂತ ಹೆಚ್ಚಾಗಿ, ಅದರ ಮೂಲತತ್ತ್ವವನ್ನು ಜನಸಾಮಾನ್ಯರ ಕಣ್ಣಿಗೆ ಕಾಣುವಂತೆ ಮಾಡಿದ ಒಬ್ಬ ಹಳ್ಳಿಶಾಲೆಯ ವಿದ್ಯಾರ್ಥಿಯ ಜೀವನವೇ ಈ ಸಂದರ್ಭಕ್ಕೆ ತಕ್ಕುದೆಂದು ನನಗೆ ತೋರಿತು.

ಜಾನ್ ಟಿಂಡಾಲ್ 1820ರ ಆಗಸ್ಟ್ 2ರಂದು ಐರ್ಲೆಂಡಿನ ಕಾರ್ಲೋ ಪ್ರಾಂತದ ಲೀಲಿನ್‌ಬ್ರಿಜ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದನು. ತಂದೆ ಪೊಲೀಸ್ ಪೇದೆಯಾಗಿದ್ದವನು. ಬಡವನಾದರೂ ವಿದ್ಯೆಯಲ್ಲಿ ಅಪಾರ ಶ್ರದ್ಧೆಯುಳ್ಳವನು. ಆ ಕಾಲದ ಐರ್ಲೆಂಡಿನಲ್ಲಿ ಪ್ರಾಟೆಸ್ಟೆಂಟರಿಗೂ ಕ್ಯಾಥೊಲಿಕರಿಗೂ ನಡುವೆ ಆಳವಾದ ಕಂದಕವಿತ್ತು. ಹಾಗಿದ್ದೂ ಕಟ್ಟಾ ಪ್ರಾಟೆಸ್ಟೆಂಟನಾದ ಆ ತಂದೆ ತನ್ನ ಮಗನನ್ನು ಸಮೀಪದ ಬ್ಯಾಲಿನಬ್ರಾನಾ ಶಾಲೆಗೆ, ಜಾನ್ ಕಾನ್ವಿಲ್ ಎಂಬ ಕ್ಯಾಥೊಲಿಕ್ ಉಪಾಧ್ಯಾಯನ ಬಳಿಗೆ ಕಳುಹಿಸಿದನು. ಕಾನ್ವಿಲ್ ಗಣಿತದಲ್ಲಿ ಸಮರ್ಥನಾಗಿದ್ದನು; ತಂದೆ ನೋಡಿದ್ದು ಅದನ್ನು. ರೇಖಾಗಣಿತವನ್ನೂ ಭೂಮಾಪನವನ್ನೂ ಹುಡುಗ ಅಲ್ಲಿಯೇ ಕಲಿತನು. ಮುಂದೆ ಆತನಿಗೆ ಅನ್ನ ಕೊಟ್ಟದ್ದೂ ಅದೇ ವಿದ್ಯೆ.

1839ರಲ್ಲಿ ಐರ್ಲೆಂಡಿನ ಸರಕಾರಿ ಭೂಮಾಪನ ಇಲಾಖೆಯನ್ನು ಸೇರಿದ ಟಿಂಡಾಲ್ 1842ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ನಿಗೆ ವರ್ಗವಾದನು. ಸಂಬಳದ ಅನ್ಯಾಯವನ್ನೂ ಸಹಾಯಕರನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನೂ ಪ್ರತಿಭಟಿಸಿದ ಕಾರಣ 1843ರಲ್ಲಿ ಕೆಲಸ ಕಳೆದುಕೊಂಡನು. ಅದು ರೈಲುಮಾರ್ಗಗಳು ಹಬ್ಬುತ್ತಿದ್ದ ಕಾಲ. ಹಳಿಗಳಿಗಾಗಿ ನೆಲ ಅಳೆಯುವ ಕೆಲಸ ದೊರೆಯಿತು. 1847ರಲ್ಲಿ ಹ್ಯಾಂಪ್‌ಷೈರಿನ ಕ್ವೀನ್‌ವುಡ್ ವಿದ್ಯಾಲಯದಲ್ಲಿ ಗಣಿತದ ಉಪಾಧ್ಯಾಯನಾದನು. ಮರುವರ್ಷ, ತಾನು ಕೂಡಿಟ್ಟ ಹಣವನ್ನು ಕಟ್ಟಿಕೊಂಡು, ಗೆಳೆಯ ಫ್ರಾಂಕ್‌ಲ್ಯಾಂಡನೊಡನೆ ಜರ್ಮನಿಯ ಮಾರ್‌ಬುರ್ಗಿಗೆ ಹೋಗಿ, ಬುನ್ಸೆನ್ ಮೊದಲಾದವರಲ್ಲಿ ಕಲಿತು 1850ರಲ್ಲಿ ಡಾಕ್ಟರೇಟ್ ಪಡೆದನು. 1853ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಆತನನ್ನು ಪ್ರಾಧ್ಯಾಪಕನನ್ನಾಗಿ ಆರಿಸಿಕೊಂಡಿತು. ಅಲ್ಲಿ ಮೈಕೆಲ್ ಫ್ಯಾರಡೆಯಂಥ ಮಹನೀಯನ ಸಹವಾಸ ಒದಗಿತು.

1854ರಲ್ಲಿ ಫ್ಯಾರಡೆಯ ಸಲಹೆಯಂತೆ ಟಿಂಡಾಲ್ ಸಭಿಕರ ಮುಂದೆ ಒಂದು ಪ್ರಯೋಗವನ್ನು ತೋರಿಸಿದನು. ನೀರು ತುಂಬಿದ ಪಾತ್ರೆಯ ಪಕ್ಕದ ರಂಧ್ರದಿಂದ ನೀರಿನ ಧಾರೆ ಬಾಗಿ ಕೆಳಗೆ ಬೀಳುತ್ತಿತ್ತು. ಹಿಂದಿನಿಂದ ಬೆಳಕು ಹಾಯಿಸಿದಾಗ ಆ ಬೆಳಕು ಧಾರೆಯನ್ನು ಬಿಟ್ಟು ನೇರವಾಗಿ ಹೋಗದೆ ಧಾರೆಯೊಡನೆಯೇ ಬಾಗಿ ಇಳಿಯಿತು. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆಯೆಂದು ನಾವೆಲ್ಲ ಓದಿದ್ದೇವೆ. ಅಲ್ಲಿಯೂ ಅದು ಆ ನಿಯಮವನ್ನು ಮುರಿಯಲಿಲ್ಲ. ನೀರಿನೊಳಗಿನ ಕಿರಣ ಅಂಚನ್ನು ತಾಗುವಾಗ ಲಂಬದಿಂದ ಸುಮಾರು 49 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ಹೊರಬರಲಾರದೆ ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಹೀಗೆ ಅಂಚಿನಿಂದ ಅಂಚಿಗೆ ಪುಟಿಯುತ್ತ ಅದು ಮುಂದೆ ಸಾಗುತ್ತದೆ. ನಮ್ಮ ಪಠ್ಯಪುಸ್ತಕದ ಸಂಪೂರ್ಣ ಆಂತರಿಕ ಪ್ರತಿಫಲನವೆಂದರೆ ಇದೇ.

ಇಲ್ಲಿ ಒಂದು ಮಾತನ್ನು ನ್ಯಾಯಕ್ಕಾಗಿ ಹೇಳಲೇಬೇಕು. ಜಿನೀವಾದ ಡ್ಯಾನಿಯಲ್ ಕೊಲಾಡನ್ ಇದನ್ನು ಅದಕ್ಕೂ ಮುಂಚೆಯೇ ತೋರಿಸಿ 1842ರಲ್ಲಿ ಪ್ರಕಟಿಸಿದ್ದನು. ಆದರೂ ಬಹುಕಾಲ ಕೀರ್ತಿ ಟಿಂಡಾಲನ ಪಾಲಿಗೇ ಸಂದಿತು. ಮೊದಲಿಗನೆಂಬ ಹೆಸರು ಕೊಲಾಡನ್ನನಿಗೆ ಸಲ್ಲಲಿ. ವಿಷಯವನ್ನು ಭಾಷಣಗಳಿಂದಲೂ ಗ್ರಂಥಗಳಿಂದಲೂ ಸಾಮಾನ್ಯರಿಗೆ ತಿಳಿಯಪಡಿಸಿದ ಪುಣ್ಯ ಟಿಂಡಾಲನದು.

ಆತನ ಇತರ ಸಾಧನೆಗಳೂ ಅಲ್ಪವಲ್ಲ. ನೀರಾವಿ ಮತ್ತು ಇಂಗಾಲದ ಡೈಆಕ್ಸೈಡುಗಳು ಶಾಖವನ್ನು ಹೀರುವುದನ್ನು 1859ರಿಂದ ಅಳೆದು ತೋರಿಸಿದನು. 1861ರಲ್ಲಿ ಆಲ್ಪ್ಸ್ ಪರ್ವತಗಳ ವೈಸ್‌ಹಾರ್ನ್ ಶಿಖರವನ್ನು ಮೊದಲು ಏರಿದವರಲ್ಲಿ ಆತನೊಬ್ಬನು. ಬೆಳಕಿನ ಕಿರಣದ ಸಹಾಯದಿಂದ ಗಾಳಿಯಲ್ಲಿನ ಧೂಳನ್ನು ಪತ್ತೆಹಚ್ಚಿ, ಧೂಳಿಲ್ಲದ ಗಾಳಿಯಲ್ಲಿ ಕುದಿಸಿಟ್ಟ ಸಾರು ಕೆಡುವುದಿಲ್ಲವೆಂದು ಸಾಧಿಸಿದನು. 1872-73ರ ಅಮೆರಿಕ ಪ್ರವಾಸದ ಭಾಷಣಗಳಿಂದ ಬಂದ ಹಣದಲ್ಲಿ ಖರ್ಚು ಕಳೆದು ಉಳಿದುದನ್ನು ಆ ದೇಶದ ತರುಣ ವಿಜ್ಞಾನಿಗಳಿಗೇ ಬಿಟ್ಟು ಬಂದನು. 1893ರ ಡಿಸೆಂಬರ್ 4ರಂದು, ಪತ್ನಿ ಲೂಯಿಸಾ ಕೊಟ್ಟ ಔಷಧಿ ಅದಲುಬದಲಾದುದರಿಂದ ಮರಣಹೊಂದಿದನು. ಆಕೆ ಆ ದುಃಖವನ್ನು ಹೊತ್ತು 1940ರವರೆಗೆ ಬದುಕಿದಳು.

ನೀರಿನ ಧಾರೆಯಿಂದ ಗಾಜಿನ ಎಳೆಗೆ ಬರಲು ನೂರು ವರ್ಷ ಹಿಡಿಯಿತು. 1954ರಲ್ಲಿ ಲಂಡನ್ನಿನಲ್ಲಿ ಹಾಪ್‌ಕಿನ್ಸ್ ಮತ್ತು ನಮ್ಮ ಪಂಜಾಬಿನ ನರಿಂದರ್ ಸಿಂಗ್ ಕಪಾನಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನೇ ಸಾಗಿಸಿದರು. ಗಾಜು ಶುದ್ಧವಾದರೆ ಬೆಳಕು ಬಹುದೂರ ಹೋಗಬಲ್ಲುದೆಂದು 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಹಾಕ್‌ಹ್ಯಾಮ್ ತೋರಿಸಿದರು; 1970ರಲ್ಲಿ ಕಾರ್ನಿಂಗ್ ಕಂಪನಿ ಅಂಥ ಗಾಜನ್ನು ಮಾಡಿತು. ಇಂದು ನಾನು ಕೇಬಲ್ಲನ್ನು ಅದರ ದಪ್ಪದ 10 ಪಟ್ಟಿಗಿಂತ ಕಿರಿದಾದ ತ್ರಿಜ್ಯದಲ್ಲಿ ಬಾಗಿಸುವುದಿಲ್ಲ. ಹೆಚ್ಚು ಬಾಗಿದರೆ ಕಿರಣದ ಓರೆ ತಪ್ಪಿ ಬೆಳಕು ಸೋರುತ್ತದೆ. ಬೆಳಕು ಹರಿಯುವ ಒಳತಿರುಳು ಕೆಲವು ಎಳೆಗಳಲ್ಲಿ 9 ಮೈಕ್ರಾನ್ ಮಾತ್ರ. ಒಂದು ಧೂಳಿನ ಕಣ ಸಾಕು ಅದನ್ನು ಮುಚ್ಚಲು. ಪ್ಲಗ್ಗಿನ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಒರೆಸುವಾಗಲೆಲ್ಲ ಟಿಂಡಾಲನ ಧೂಳಿನ ಪ್ರಯೋಗಗಳು ನನ್ನ ನೆನಪಿಗೆ ಬರುತ್ತವೆ.

ಪ್ರತಿವರ್ಷ ಜೂನ್ ಬಂದಾಗ ಈ ಗಡಿಭಾಗದ ತಂದೆತಾಯಿಗಳಿಗೆ ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕೆಂಬ ಚಿಂತೆ ತಪ್ಪದು. ಪಟ್ಟಿ ತೆಳುವಾದರೆ ತರಗತಿ ನಿಲ್ಲುತ್ತದೆಂಬ ಭಯ ನಮ್ಮ ಗುರುಗಳಿಗೂ ಉಂಟು. ಲೀಲಿನ್‌ಬ್ರಿಜ್ಜಿನ ಆ ಪೇದೆ ಕಲಿಸುವವನ ಯೋಗ್ಯತೆಯನ್ನು ಮೊದಲು ನೋಡಿದನು. ನನಗೆ ಪ್ರತಿಫಲನದ ಪಾಠವನ್ನು ಕನ್ನಡದಲ್ಲಿ, ಕನ್ನಡಿಯ ಒಂದು ಚೂರನ್ನು ಬಿಸಿಲಿಗೆ ಹಿಡಿದು ಕಲಿಸಿದವರು ಈ ಶಾಲೆಯ ಗುರುಗಳು. ಅವರಿಗೆ ನನ್ನ ವಿನಮ್ರ ಪ್ರಣಾಮಗಳು. ನಮ್ಮೂರಿನ ಹಿರಿಯರು ಈ ಬಾರಿಯೂ ತಮ್ಮ ಮಕ್ಕಳನ್ನು ಇಲ್ಲಿಗೆ ಕಳುಹಿಸಲಿ ಎಂಬುದು ನನ್ನ ಪ್ರಾರ್ಥನೆ.