ಜೀವಕ: ಕಸದ ರಾಶಿಯಿಂದ ಎದ್ದು ಬಂದ ವೈದ್ಯ


*ಇಂದಿನ ಧಮ್ಮ ಚಿಂತನೆ*

ಬಂಧುಗಳೇ, ಹೋದ ಭಾನುವಾರ ನಾನು ಕೂಟಕ್ಕೆ ಯಾಕೆ ಬರಲಿಲ್ಲ ಎಂದು ಹಲವರು ಕೇಳಿದ್ದೀರಿ. ಕರುಳು ಕಟ್ಟಿಕೊಂಡು ಆಸ್ಪತ್ರೆಯಲ್ಲಿದ್ದೆ. ಅಲ್ಲಿ ಮಲಗಿದ್ದಾಗ ಮತ್ತೆ ಮತ್ತೆ ನೆನಪಾದವನು ಜೀವಕ. ಅವನ ಬದುಕು ವಿನಯಪಿಟಕದ ಮಹಾವಗ್ಗದಲ್ಲಿದೆ. ಬಾಬಾಸಾಹೇಬರೂ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಅವನಿಗೆ ಒಂದು ಭಾಗ ಕೊಟ್ಟಿದ್ದಾರೆ.

ರಾಜಗೃಹದ ಗಣಿಕೆ ಸಾಲವತಿಗೆ ಹುಟ್ಟಿದ ಮಗು ಅವನು. ಗಂಡು ಕೂಸು ಅವಳಿಗೆ ಬೇಕಿರಲಿಲ್ಲ. ದಾಸಿ ಮೊರದಲ್ಲಿ ಮಲಗಿಸಿ ಕಸದ ರಾಶಿಗೆ ಎಸೆದು ಬಂದಳು. ಕಾಗೆಗಳು ಮುತ್ತಿದ್ದವು. ಆ ದಾರಿಯಲ್ಲಿ ಬಂದ ರಾಜಕುಮಾರ ಅಭಯ ವಿಚಾರಿಸಿದಾಗ ಮಗುವಿಗೆ ಇನ್ನೂ ಜೀವವಿದೆ ಎಂದರು. ಅದೇ ಹೆಸರಾಯಿತು. ಅರಮನೆಯಲ್ಲಿ ಬೆಳೆದರೂ ತಾಯಿ ಯಾರೆಂದು ಹೇಳುವವರಿಲ್ಲ. ವಿದ್ಯೆಯಿಲ್ಲದೆ ಇಲ್ಲಿ ನೆಲೆಯಿಲ್ಲ ಎಂದು ಅರಿತು, ಸಾಕಿದವನಿಗೂ ಹೇಳದೆ ತಕ್ಷಶಿಲೆಗೆ ಹೊರಟ. (ನಮ್ಮ ಎಷ್ಟು ಮಕ್ಕಳು ಹಾಗೆ ಹಾಸ್ಟೆಲಿಗೆ ಹೊರಟವರು!) ಏಳು ವರ್ಷ ಕಲಿತ. ಔಷಧಕ್ಕೆ ಬಾರದ ಒಂದು ಗಿಡ ಹುಡುಕಿ ತಾ ಎಂದು ಗುರು ಕಳಿಸಿದರೆ ಬರಿಗೈಲಿ ಹಿಂತಿರುಗಿದ. ಅದೇ ಸರಿಯುತ್ತರ.

ಬಿಂಬಿಸಾರನ ಭಗಂದರ ಗುಣಪಡಿಸಿದ, ಬುದ್ಧರಿಗೂ ಚಿಕಿತ್ಸೆ ಮಾಡಿದ. ನನಗೆ ಮುಖ್ಯವಾದದ್ದು ವಾರಾಣಸಿಯ ಪ್ರಸಂಗ. ಒಬ್ಬ ಶ್ರೇಷ್ಠಿಯ ಮಗ ಲಾಗ ಹಾಕಿ ಆಡುತ್ತಾ ಕರುಳಿಗೆ ಗಂಟು ಬಿದ್ದು, ಗಂಜಿಯೂ ದಕ್ಕದೆ ನರನರವಾಗಿ ಒಣಗಿದ್ದ. ಜೀವಕ ಜನರನ್ನು ಹೊರಗೆ ಕಳಿಸಿ, ಪರದೆ ಕಟ್ಟಿ, ಅವನನ್ನು ಕಂಬಕ್ಕೆ ಬಿಗಿದು ಹೊಟ್ಟೆ ಕೊಯ್ದ. ಗಂಟನ್ನು ಹೆಂಡತಿಗೆ ತೋರಿಸಿ, ಗಂಡ ಸೊರಗಿದ್ದು ಯಾಕೆಂದು ವಿವರಿಸಿದ. ಆಮೇಲೆ ಗಂಟು ಬಿಡಿಸಿ, ಕರುಳನ್ನು ಒಳಗಿಟ್ಟು, ಹೊಲಿದು ಲೇಪ ಹಚ್ಚಿದ. ಹುಡುಗ ಉಳಿದ.

ನನ್ನ ಗಂಟು ಬೇರೆ ಬಗೆಯದು. 11 ವರ್ಷದ ಹಿಂದೆ ಅಪೆಂಡಿಕ್ಸ್ ಒಡೆದು ಹೊಟ್ಟೆ ಕೊಯ್ಸಿಕೊಂಡಿದ್ದೆ. ಹೊರಗಿನ ಗಾಯದಂತೆ ಒಳಗೂ ಗಾಯ ಮಾಯುತ್ತದೆ. ಆಗ ಅಂಟಿನಂಥ ಫೈಬ್ರಿನ್ ಹುಟ್ಟುತ್ತದೆ. ಕೆಲವು ದಿನಗಳಲ್ಲಿ ಅದು ಕರಗದಿದ್ದರೆ ಗಟ್ಟಿಯಾಗಿ, ಕರುಳಿಗೆ ಕರುಳನ್ನೋ ಹೊಟ್ಟೆಯ ಗೋಡೆಯನ್ನೋ ಅಂಟಿಸಿಬಿಡುತ್ತದೆ. ಡಾಕ್ಟರು ಅಡ್ಹೀಷನ್ ಎನ್ನುತ್ತಾರೆ. ಹೊಟ್ಟೆ ಕೊಯ್ಸಿಕೊಂಡ ಬಹುತೇಕರಲ್ಲಿ ಇದು ಇರುತ್ತದೆ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಸಿಜೇರಿಯನ್ ಆದ ಅಕ್ಕತಂಗಿಯರಲ್ಲೂ ಆಗಬಹುದು.

ತಡೆಯುವುದು ಬಹುಮಟ್ಟಿಗೆ ಸರ್ಜನ್ನರ ಕೈಯಲ್ಲಿದೆ. ಕರುಳನ್ನು ಮೃದುವಾಗಿ ಹಿಡಿಯಬೇಕು, ಒಣಗಲು ಬಿಡಬಾರದು, ರಕ್ತ ಸುರಿಯದಂತೆ ನೋಡಬೇಕು. ಗ್ಲೌಸಿನ ಪುಡಿ ಒಳಗೆ ಬಿದ್ದರೂ ಅಂಟು ಹೆಚ್ಚುತ್ತದೆ. ಅಮೆರಿಕದಲ್ಲಿ 2017ರಿಂದ ಪುಡಿ ಗ್ಲೌಸಿಗೆ ನಿಷೇಧವಿದೆ. ಸಾಧ್ಯವಿರುವಲ್ಲಿ ಕೀಹೋಲ್ ಆಪರೇಷನ್ನಿನಲ್ಲಿ ಅಂಟು ಕಡಿಮೆ. ಒಳಗೇ ಕರಗಿಹೋಗುವ ತೆಳು ಪೊರೆಯನ್ನು ಕರುಳಿನ ಮೇಲೆ ಹಾಸುವುದೂ ಉಂಟು. ಪೂರ್ತಿ ತಪ್ಪಿಸುವ ಉಪಾಯ ಇನ್ನೂ ಇಲ್ಲ. ಆಪರೇಷನ್ನಿಗೆ ಮುಂಚೆ ಈ ಬಗ್ಗೆ ಕೇಳಿ. ಕೇಳುವುದು ನಮ್ಮ ಹಕ್ಕು, ಹಿಂಜರಿಯಬೇಡಿ. ಹಳೆಯ ಡಿಸ್ಚಾರ್ಜ್ ಕಾಗದ ಜೋಪಾನವಾಗಿಡಿ.

ತಪ್ಪು ನನ್ನದೂ ಇದೆ. ಹೊಟ್ಟೆ ಉಬ್ಬಿ, ಅಲೆಅಲೆಯಾಗಿ ನೋವು ಬಂದು, ವಾಂತಿಯಾಗುತ್ತಿದ್ದರೂ ಗ್ಯಾಸ್ ಎಂದು ಸೋಡಾ ಕುಡಿದು ಒಂದು ರಾತ್ರಿ ಕಳೆದೆ. ಗಾಳಿಯೂ ಹೋಗುತ್ತಿರಲಿಲ್ಲ. ಹಳೆಯ ಹೊಲಿಗೆ ಇರುವವರಿಗೆ ಹೀಗಾದರೆ ಬೆಳಗಿನವರೆಗೆ ಕಾಯಬಾರದು. ರಕ್ತ ನಿಂತರೆ ಕರುಳು ಸಾಯುತ್ತದೆ.

ಅದೃಷ್ಟಕ್ಕೆ ನನಗೆ ಕತ್ತರಿ ಬೇಕಾಗಲಿಲ್ಲ. ಮತ್ತೆ ಕೊಯ್ದರೆ ಹೊಸ ಅಂಟು ಹುಟ್ಟಬಹುದೆಂದು, ಮೂಗಿನಿಂದ ನಳಿಕೆ ಇಳಿಸಿ, ಡ್ರಿಪ್ ಹಾಕಿ ಕಾದರು. ನಾಲ್ಕನೇ ದಿನ ಕರುಳು ತಾನೇ ಬಿಡಿಸಿಕೊಂಡಿತು. ಎದ್ದು ನಡೆಯಿರಿ ಎಂದರು. ವೈಶಾಲಿಯಲ್ಲಿ ಭಿಕ್ಖುಗಳು ಮೃಷ್ಟಾನ್ನ ಉಂಡು ಕಾಯಿಲೆ ಬಿದ್ದಾಗ, ಅವರಿಗೆ ಚಂಕ್ರಮಣಕ್ಕೆ, ಅಂದರೆ ಅಡ್ಡಾಡುವುದಕ್ಕೆ, ಅನುಮತಿ ಕೊಡಿ ಎಂದು ಬುದ್ಧರನ್ನು ಬೇಡಿದವನೂ ಜೀವಕನೇ. ವಾರ್ಡಿನ ಗೋಡೆ ಹಿಡಿದು ಅದನ್ನೇ ಮಾಡಿದೆ.

ಈ ಭಾನುವಾರ ಬರುತ್ತೇನೆ. ಊಟದ ವ್ಯವಸ್ಥೆಯವರಿಗೆ ಒಂದು ಮಾತು: ನನಗೆ ಗಂಜಿ ಸಾಕು.

ಜೈ ಭೀಮ್.